ಕನ್ನಡಕಕ್ಕೆ ಮೊದಲು ಕಣ್ಣಿನ ಪರೀಕ್ಷೆ

ವಯಸ್ಸು 40 ದಾಟಿದಂತೆ ಕುರ್‌ಆನಿನ ಅಕ್ಷರಗಳು ಮಸುಕಾಗತೊಡಗುತ್ತವೆ. ಸಂತೆಯ ಸಿದ್ಧ ಕನ್ನಡಕದಲ್ಲಿ ಅಕ್ಷರ ಕಂಡೀತು. ಆದರೆ ಕಣ್ಣಿನೊಳಗಿನ ಕಾಯಿಲೆ ಪತ್ತೆಯಾಗದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳಿ ಬಾರದು.

ಇಲ್ಲಿ ನೆರವಾಗುವವರು ಆಪ್ಟೋಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷಕರು. ಇಂಟರ್ನ್‌ಶಿಪ್ ಸೇರಿ 4 ವರ್ಷದ ಪದವಿ ಪಡೆದ ಇವರು ಕನ್ನಡಕದ ನಂಬರ್ ಬರೆದುಕೊಡುತ್ತಾರೆ. ಪೊರೆ, ಮೆಳ್ಳೆಗಣ್ಣು, ಕಣ್ಣಿನ ಹೆಚ್ಚಿದ ಒತ್ತಡ ಕಂಡರೆ ವೈದ್ಯರ ಬಳಿಗೆ ಕಳುಹಿಸುತ್ತಾರೆ. ಔಷಧ, ಶಸ್ತ್ರಚಿಕಿತ್ಸೆ ನೇತ್ರತಜ್ಞರ ಕೆಲಸ. ಕನ್ನಡಕ ಮಾಡಿಕೊಡುವವರು ಆಪ್ಟಿಷಿಯನ್.

ಹುಡುಕುವುದೆಲ್ಲಿ? ಕಣ್ಣಾಸ್ಪತ್ರೆಗಳಲ್ಲಿ, ದೊಡ್ಡ ಕನ್ನಡಕದ ಅಂಗಡಿಗಳಲ್ಲಿ ಇರುತ್ತಾರೆ. ಪರೀಕ್ಷಿಸುವವರ ಪದವಿ ಯಾವುದೆಂದು ಕೇಳಲು ಸಂಕೋಚ ಬೇಡ. ತಾಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿಗಳಿದ್ದರೆ ಅವರೂ ದೃಷ್ಟಿ ಪರೀಕ್ಷಿಸುತ್ತಾರೆ. ನಂಬರಿನ ಚೀಟಿಯನ್ನು ಕೇಳಿ ಪಡೆಯಿರಿ. ಕನ್ನಡಕವನ್ನು ಬೇಕಾದಲ್ಲಿ ಮಾಡಿಸಬಹುದು.

ಮದ್ರಸದಲ್ಲಿ ಬೋರ್ಡ್ ಓದಲಾರದ ಮಗುವನ್ನು ದಡ್ಡ ಎನ್ನುವ ಮೊದಲು ಕಣ್ಣು ತೋರಿಸಿ. ಸೋಮಾರಿ ಕಣ್ಣಿಗೆ ಎಳವೆಯ ಚಿಕಿತ್ಸೆಯೇ ಹೆಚ್ಚು ಫಲಕಾರಿ. ಸಕ್ಕರೆ ಕಾಯಿಲೆಯವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಮಾಡಿಸಿಕೊಳ್ಳಬೇಕು. ದಿಢೀರನೆ ಮಸುಕಾದರೆ ಅಥವಾ ಕಣ್ಣಲ್ಲಿ ಮಿಂಚು ಕಂಡರೆ ತಡಮಾಡದೆ ನೇತ್ರತಜ್ಞರಲ್ಲಿಗೇ ಹೋಗಿ.

ದೃಷ್ಟಿ ಅಲ್ಲಾಹನು ಕೊಟ್ಟ ಅಮಾನತ್. ಅದನ್ನು ಜೋಪಾನ ಮಾಡುವುದು ನಮ್ಮ ಹೊಣೆ.