ತಗ್ಗಿದ ಕಣ್ಣು, ಬದಲಾದ ಪದ: ಜುಲು ಮನೆಯ ಪಾಠಗಳನ್ನು ಓದುವ ಬಗೆ

ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ಹಳ್ಳಿಯೊಂದರಿಂದ ವಿಶ್ವವಿದ್ಯಾಲಯಕ್ಕೆ ಬಂದ ವಿದ್ಯಾರ್ಥಿಯೊಬ್ಬ ಅಧ್ಯಾಪಕರ ಕೊಠಡಿಗೆ ಹೋಗುತ್ತಾನೆ ಎಂದು ಭಾವಿಸೋಣ. ‘ಕುಳಿತುಕೊಳ್ಳಿ’ ಎನ್ನುವ ಮುನ್ನವೇ ಅವನು ಕುಳಿತುಬಿಡುತ್ತಾನೆ. ಮಾತನಾಡುವಾಗ ನೆಲ ನೋಡುತ್ತಾನೆ. ಕೊಟ್ಟ ಪುಸ್ತಕವನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಾನೆ. ಇಂಗ್ಲಿಷ್ ಶಿಷ್ಟಾಚಾರವನ್ನೇ ಅಳತೆಗೋಲಾಗಿ ಇಟ್ಟುಕೊಂಡವರಿಗೆ ಮೊದಲನೆಯದು ಒರಟುತನವಾಗಿ, ಎರಡನೆಯದು ಏನನ್ನೋ ಮುಚ್ಚಿಡುವ ಲಕ್ಷಣವಾಗಿ, ಮೂರನೆಯದು ದೈನ್ಯವಾಗಿ ಕಾಣುತ್ತದೆ. ಅವನು ಬೆಳೆದ ಮನೆಯಲ್ಲಿ ಈ ಮೂರೂ ಗೌರವದ ನಡೆಗಳೇ. ಹಿರಿಯರು ಕುಳಿತಿರುವಾಗ ಅವರಿಗಿಂತ ಎತ್ತರದಲ್ಲಿ ನಿಲ್ಲುವುದು ಉದ್ಧಟತನ; ಅವರ ಕಣ್ಣಿಗೆ ಕಣ್ಣು ಕೂಡಿಸುವುದು ಸವಾಲು.

ಇಂಥ ಉದಾಹರಣೆಗಳು ದಕ್ಷಿಣ ಆಫ್ರಿಕಾದ ಸಂವಹನ ಕೈಪಿಡಿಗಳಲ್ಲಿ ದಶಕಗಳಿಂದ ಮರುಮುದ್ರಣಗೊಳ್ಳುತ್ತ ಬಂದಿವೆ. ಕೈಪಿಡಿಯ ಉದ್ದೇಶ ಒಳ್ಳೆಯದೇ. ಆದರೆ ಅದು ಒಂದು ಸನ್ನೆಗೆ ಒಂದು ಅರ್ಥವನ್ನು ಅಂಟಿಸಿ ಮುಂದೆ ಸಾಗುತ್ತದೆ. ಈ ನಡೆಗಳೆಲ್ಲ ಬಿಡಿಬಿಡಿ ಅಭ್ಯಾಸಗಳಲ್ಲ, ಭಾಷೆಯವರೆಗೂ ಬೇರಿಳಿದ ಒಂದೇ ವ್ಯಾಕರಣದ ರೂಪಗಳು ಎಂಬುದು ಅದರಲ್ಲಿ ಕಾಣುವುದಿಲ್ಲ. ಆ ವ್ಯಾಕರಣದ ಹೆಸರು ‘ಹ್ಲೊನಿಫಾ’. (ಇಲ್ಲಿನ ಫಕಾರ ನಮ್ಮ ಮಹಾಪ್ರಾಣವೇ ಹೊರತು ಇಂಗ್ಲಿಷಿನ ಎಫ್ ಅಲ್ಲ, ಕನ್ನಡ ಲಿಪಿಗೆ ಜುಲು ಉಚ್ಚಾರ ಒಗ್ಗುವ ಅಪರೂಪದ ಸ್ಥಳವಿದು.)

ಹ್ಲೊನಿಫಾ ಎಂದರೆ ಗೌರವಿಸು, ಗೌರವದಿಂದ ದೂರವಿರು. ಇದರ ಅತಿ ಸೂಕ್ಷ್ಮವಾದ ರೂಪ ಸೊಸೆಯ ಮಾತಿನಲ್ಲಿ ಸಿಗುತ್ತದೆ. ಮದುವೆಯಾಗಿ ಬಂದ ಹೆಣ್ಣು ಮಾವನ ಮತ್ತು ಅವನ ಹಿರಿಯರ ಹೆಸರುಗಳನ್ನು ಉಚ್ಚರಿಸಬಾರದು. ಅಷ್ಟೇ ಅಲ್ಲ, ಆ ಹೆಸರುಗಳ ಧ್ವನಿಯನ್ನು ಹೋಲುವ ದಿನಬಳಕೆಯ ಪದಗಳನ್ನೂ ಬಿಡಬೇಕು. ನೀರಿಗೆ ಸಾಮಾನ್ಯ ಪದ ‘ಅಮಾಂಜಿ’. ಆ ಧ್ವನಿ ನಿಷಿದ್ಧವಾದ ಮನೆಯಲ್ಲಿ ನೀರು ‘ಅಮಾಂದಾಂಬಿ’ ಆಗುತ್ತದೆ. ಹೀಗೆ ಪ್ರತಿ ಮನೆಯ ಹೆಂಗಸರ ನುಡಿಯೂ ಆ ಮನೆಯ ವಂಶಾವಳಿಯ ನೆರಳನ್ನು ಹೊತ್ತಿರುತ್ತದೆ. ತಾಯಿ ಯಾವ ಪದವನ್ನು ತಪ್ಪಿಸುತ್ತಾಳೆ ಎಂಬುದನ್ನು ಕೇಳುತ್ತ ಬೆಳೆಯುವ ಮಗು, ಯಾರೂ ಹೇಳಿಕೊಡದೆಯೇ, ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಕಲಿಯುತ್ತದೆ.

ನಿಷೇಧ ಹೆಂಗಸರಿಗೆ ಮಾತ್ರ ಸೀಮಿತವಲ್ಲ. ಅಳಿಯನಿಗೂ ಅತ್ತೆಯ ವಿಷಯದಲ್ಲಿ ಇಂಥ ಕಟ್ಟುಪಾಡುಗಳಿವೆ. ಅರಸನ ಹೆಸರಂತೂ ಇಡೀ ನಾಡಿಗೆ ಅನ್ವಯಿಸುತ್ತಿತ್ತು. 1840ರಿಂದ 1872ರವರೆಗೆ ಆಳಿದ ಎಂಪಾಂದೆಯ ಹೆಸರು ಬೇರು ಎಂಬರ್ಥದ ‘ಇಂಪಾಂದೆ’ಯನ್ನು ಹೋಲುತ್ತಿದ್ದುದರಿಂದ ಆ ಪದದ ಸ್ಥಾನಕ್ಕೆ ‘ಇಂಗ್‌ಕ್ಸಾಬೊ’ ಎಂಬ ಪದ ಬಂತು. ಈ ಹೊಸ ಪದದ ನಡುವೆ ಒಂದು ಕ್ಲಿಕ್ ಧ್ವನಿ ಇದೆ. ಕುದುರೆಯನ್ನು ಹುರಿದುಂಬಿಸಲು ನಾಲಿಗೆಯ ಅಂಚಿನಿಂದ ಹೊರಡಿಸುವ ಸದ್ದಿನಂಥದ್ದು. ಜುಲುವಿನಲ್ಲಿ ಮೂರು ಉಚ್ಚಾರಣಾ ಸ್ಥಾನಗಳ ಕ್ಲಿಕ್‌ಗಳಿವೆ. ಬಾಂಟು ಕುಟುಂಬದ ಬಹುಪಾಲು ಭಾಷೆಗಳಲ್ಲಿ ಇಲ್ಲದ ಈ ಧ್ವನಿಗಳು ಖೊಯ್ ಮತ್ತು ಸಾನ್ ಜನರ ಭಾಷೆಗಳಿಂದ ಬಂದವು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಭಾಷಾವಿಜ್ಞಾನಿ ರಾಬರ್ಟ್ ಹರ್ಬರ್ಟ್ 1990ರಲ್ಲಿ ನೀಡಿದ ಉತ್ತರ ಹ್ಲೊನಿಫಾದ ಕಡೆಗೇ ಕೈತೋರುತ್ತದೆ: ನಿಷಿದ್ಧ ಅಕ್ಷರವನ್ನು ಮರೆಮಾಡಲು ಪರಕೀಯ ಧ್ವನಿಯೊಂದು ಅನುಕೂಲವಾಗಿ ಒದಗಿತು. ಈ ವಾದ ಸರಿಯಾದರೆ, ಹೊರಗಿನವರು ‘ಜುಲುತನ’ದ ಮೊದಲ ಗುರುತಾಗಿ ಅನುಕರಿಸಿ ನಗುವ ಆ ಸದ್ದುಗಳು ಭಾಷೆಯೊಳಗೆ ನೆಲೆಯೂರುವುದರಲ್ಲಿ ಸೊಸೆಯಂದಿರ ವಿನಯಕ್ಕೂ ಪಾಲಿದೆ.

ಕನ್ನಡದ ಓದುಗರಿಗೆ ಇದು ತೀರ ಅಪರಿಚಿತವೆನಿಸಲಾರದು. ಗಂಡನ ಹೆಸರು ಹೇಳದ ಗೃಹಿಣಿ, ಹೇಳಲೇಬೇಕಾದಾಗ ಅದನ್ನು ಪ್ರಾಸದಲ್ಲಿ ಹುದುಗಿಸುವ ಉತ್ತರ ಕರ್ನಾಟಕದ ಒಡಪು, ಅದರ ಮರಾಠಿ ಒಡಹುಟ್ಟಾದ ಉಖಾಣಾ ನಮ್ಮ ಗಡಿಸೀಮೆಗಳಲ್ಲಿ ಎರಡೂ ಭಾಷೆಗಳಲ್ಲಿ ಬಳಕೆಯಲ್ಲಿವೆ. ಆದರೆ ಸಾಮ್ಯವನ್ನು ಹಿಗ್ಗಿಸಬಾರದು. ಒಡಪು ನಿಷೇಧವನ್ನು ಕ್ಷಣಕಾಲ ಸಡಿಲಿಸುವ ಆಟ. ಹ್ಲೊನಿಫಾ ಪದಕೋಶವನ್ನೇ ಮರುನಿರ್ಮಿಸುವ ದೈನಂದಿನ ದುಡಿಮೆ.

ದಿನದ ಮೊದಲ ಮಾತು ಅಭಿವಂದನೆ. ‘ಸಾವುಬೊನಾ’ ಎಂದರೆ ‘ನಿನ್ನನ್ನು ಕಂಡೆವು’. ಹೇಳುವವರು ಒಬ್ಬರೇ ಆದರೂ ಕರ್ತೃ ಬಹುವಚನ. ಹೇಗಿದ್ದೀಯೆ ಎಂದರೆ ಉತ್ತರ ‘ಂಗಿಖೋನಾ’, ಅಂದರೆ ‘ಇದ್ದೇನೆ’. ಜಗತ್ತಿನಾದ್ಯಂತ ಮಾರಾಟವಾಗುವ ವ್ಯಕ್ತಿತ್ವ ವಿಕಸನದ ಪುಸ್ತಕಗಳು ಈ ಪದಕ್ಕೆ ‘ನಿನ್ನ ಆತ್ಮವನ್ನು ಕಾಣುತ್ತಿದ್ದೇನೆ’ ಎಂಬ ಭಾಷ್ಯವನ್ನು ಹೊದಿಸಿವೆ. ಟ್ಯಾಕ್ಸಿ ನಿಲ್ದಾಣದಲ್ಲಿ ಸಾವುಬೊನಾ ಎನ್ನುವಾತ ಯಾರ ಆತ್ಮವನ್ನೂ ಶೋಧಿಸುತ್ತಿರುವುದಿಲ್ಲ. ಯೋಧನ ಪಡಿಯಚ್ಚಿಗೆ ಬದಲಾಗಿ ಋಷಿಯ ಪಡಿಯಚ್ಚು ಬಂದಿದೆ, ಅಷ್ಟೆ.

ಅಭಿವಂದನೆಯ ಹಿಂದೆಯೇ ಕುಲನಾಮ ಬರುತ್ತದೆ. ಎಂಖಿಜೆ ಎಂಬ ಮನೆತನದವರನ್ನು ‘ಖಾಬಜೆಲಾ’ ಎಂದೂ, ಖುಮಾಲೊ ಮನೆತನದವರನ್ನು ‘ಎಂತುಂಗ್ವಾ’ ಎಂದೂ, ಬುಥೆಲೆಜಿಯವರನ್ನು ‘ಶೆಂಗೆ’ ಎಂದೂ ಕರೆಯುವುದು ಪ್ರೀತಿ-ಗೌರವಗಳ ರೂಢಿ. ‘ಇಜಿಥಾಕಜೆಲೊ’ ಎನ್ನುವ ಈ ಹೊಗಳಿಕೆಯ ಹೆಸರುಗಳ ಸರಣಿಯನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅಳುವ ಕೂಸನ್ನು ಸಂತೈಸಲೂ ಅದನ್ನೇ ಹೇಳುತ್ತಾರೆ. ಒಂದೇ ಕುಲದವರು ಮದುವೆಯಾಗುವಂತಿಲ್ಲವಾದ್ದರಿಂದ ಈ ಪಾಠಕ್ಕೆ ವ್ಯಾವಹಾರಿಕ ಉಪಯೋಗವೂ ಇದೆ. ವ್ಯಕ್ತಿಯ ಹೆಸರಾದರೋ ಹೆತ್ತವರು ಬರೆದ ಒಂದು ವಾಕ್ಯದಂತಿರುತ್ತದೆ. ‘ನೊಂವುಲಾ’ ಎಂದರೆ ಮಳೆಯ ತಾಯಿ. ‘ಸಿಫೊ’ ಎಂದರೆ ಕೊಡುಗೆ. ‘ಜನೆಲೆ’ ಎಂದರೆ ‘ಹೆಣ್ಣುಗಳು ಇನ್ನು ಸಾಕು’. ನಮ್ಮ ಸಾಕಮ್ಮ, ಸಾಕವ್ವಂದಿರು ಈ ಕೊನೆಯ ಹೆಸರನ್ನು ಅನುವಾದವಿಲ್ಲದೆ ಅರಿತಾರು.

ಸಂಜೆ ಅಜ್ಜಿಯ ಪಾಲು. ‘ಇಜಿಂಗನೆಕ್ವಾನೆ’ ಎಂಬ ಕಥೆಗಳನ್ನು ಹಗಲಲ್ಲಿ ಹೇಳಿದರೆ ತಲೆಯ ಮೇಲೆ ಕೊಂಬು ಮೂಡುತ್ತದೆ ಎಂದು ಮಕ್ಕಳನ್ನು ಹೆದರಿಸುತ್ತಾರೆ. ಹಗಲಿನ ಕೆಲಸ ಕೆಡದಿರಲೆಂದು ಹುಟ್ಟಿದ ಬೆದರಿಕೆ ಇರಬಹುದು. ಹೆನ್ರಿ ಕ್ಯಾಲವೆ 1868ರಲ್ಲಿ ಜುಲು ಮತ್ತು ಇಂಗ್ಲಿಷ್ ಪಾಠಗಳನ್ನು ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸಿದ ಸಂಕಲನದಲ್ಲಿ ಕುತಂತ್ರಿ ಹ್ಲಾಕನ್ಯಾನನ ಕಥೆಗಳಿವೆ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಮಾತನಾಡಿ, ಹುಟ್ಟಿದೊಡನೆ ಹಿರಿಯರ ನಡುವೆ ಮಾಂಸಕ್ಕೆ ಕೈಹಾಕುವ ಈ ಪೋರ ಹ್ಲೊನಿಫಾದ ಒಂದೊಂದು ನಿಯಮವನ್ನೂ ಮುರಿಯುತ್ತಾನೆ, ಕೇಳುವ ಮಕ್ಕಳು ನಗುತ್ತಾರೆ. ವಿಧೇಯತೆಯನ್ನು ಕಲಿಸುವ ಮನೆಯೇ ಅವಿಧೇಯನ ಕಥೆಯನ್ನೂ ಹೇಳುತ್ತದೆ ಎಂಬುದನ್ನು ಕೈಪಿಡಿಗಳು ದಾಖಲಿಸುವುದಿಲ್ಲ.

ಮನೆಯ ಒಳಗೋಡೆಯ ಬದಿಯಲ್ಲಿ, ಬಾಗಿಲಿಗೆ ಎದುರಾಗಿ, ‘ಉಂಸಾಮೊ’ ಇರುತ್ತದೆ, ಪಿತೃಗಳ ಸ್ಥಳ. ಅಲ್ಲಿ ‘ಇಂಪೇಫೊ’ ಎಂಬ ಒಣಗಿದ ಗಿಡವನ್ನು ಸುಟ್ಟು ಹೊಗೆ ಹಾಕಿ ಪಿತೃಗಳೊಂದಿಗೆ ಮಾತನಾಡುತ್ತಾರೆ. ಮಗುವನ್ನು ಅವರಿಗೆ ಪರಿಚಯಿಸುವ ‘ಇಂಬೆಲೆಕೊ’ ವಿಧಿಯಲ್ಲಿ ಆಡನ್ನು ಬಲಿಕೊಟ್ಟು, ಅದರ ಚರ್ಮದ ಪಟ್ಟಿಯನ್ನು ಮಣಿಕಟ್ಟಿಗೆ ತೊಡಿಸುತ್ತಾರೆ. ‘ಇಸಿಫಾಂಡ್ಲಾ’ ಎಂಬ ಆ ಪಟ್ಟಿ ಒಣಗಿ ತಾನಾಗಿ ಉದುರುವವರೆಗೆ ಇರಬೇಕೆಂಬುದು ರೂಢಿ. ವಯಸ್ಕರೂ ಇತರ ಪಿತೃಕಾರ್ಯಗಳ ಬಳಿಕ ಅದನ್ನು ಧರಿಸಿ ಕಚೇರಿಗೆ, ತರಗತಿಗೆ ಬರುತ್ತಾರೆ. ಅವರಲ್ಲಿ ಭಾನುವಾರ ಚರ್ಚಿಗೆ ಹೋಗುವವರು ಬಹಳ. ಒಂದು ಇನ್ನೊಂದನ್ನು ಅಳಿಸಬೇಕು ಎನ್ನುವುದು ಹೊರಗಿನವರ ನಿರೀಕ್ಷೆ.

ಈಗ ಪಡಿಯಚ್ಚಿನ ಇತಿಹಾಸಕ್ಕೆ ಬರೋಣ. ವ್ಯಾಪಾರಿ ನಥಾನಿಯಲ್ ಐಸಾಕ್ಸ್ 1832ರಲ್ಲಿ ತನ್ನ ಸಹವರ್ತಿ ಹೆನ್ರಿ ಫಿನ್‌ಗೆ ಬರೆದ ಪತ್ರದಲ್ಲಿ, ಶಾಕಾ ಮತ್ತು ದಿಂಗಾನೆಯರನ್ನು ಆದಷ್ಟು ರಕ್ತಪಿಪಾಸುಗಳಾಗಿ ಚಿತ್ರಿಸು, ಪುಸ್ತಕಕ್ಕೆ ಗಾತ್ರವೂ ಆಕರ್ಷಣೆಯೂ ಬರುತ್ತದೆ ಎಂಬರ್ಥದ ಸಲಹೆ ಕೊಟ್ಟ. 1836ರಲ್ಲಿ ಬಂದ ಅವನ ಪ್ರವಾಸಕಥನ ಮುಂದಿನ ಅನೇಕ ಗ್ರಂಥಗಳಿಗೆ ಆಕರವಾಯಿತು. 1879ರ ಜನವರಿ 22ರಂದು ಇಸಾಂಡ್ಲ್ವಾನದಲ್ಲಿ ಬ್ರಿಟಿಷ್ ಸೇನೆ ಸೋತ ಮೇಲೆ ಯೋಧನ ಚಿತ್ರಕ್ಕೆ ಭಯಮಿಶ್ರಿತ ಮೆಚ್ಚುಗೆಯೂ ಸೇರಿಕೊಂಡಿತು. 1964ರ ‘ಜುಲು’ ಚಲನಚಿತ್ರ ಅದನ್ನು ಜಗತ್ತಿನ ಪರದೆಗೆ ತಂದಿತು. ಅದರಲ್ಲಿ ಅರಸ ಸೆಚ್ವಾಯೊನ ಪಾತ್ರ ವಹಿಸಿದವರು ಅವನದೇ ವಂಶದ ಮಂಗೊಸುಥು ಬುಥೆಲೆಜಿ. ಪಡಿಯಚ್ಚನ್ನು ಹೊರಗಿನವರು ಎರಕಹೊಯ್ದರೂ ಒಳಗಿನವರು ಅದನ್ನು ತೊಟ್ಟುಕೊಳ್ಳಬಲ್ಲರು, ಅದರಿಂದ ರಾಜಕಾರಣವನ್ನೂ ನಡೆಸಬಲ್ಲರು.

ತನ್ನ ಬಾಲ್ಯದ ಬಗ್ಗೆ ಪ್ರಬಂಧ ಬರೆಯಲು ಕುಳಿತ ವಿದ್ಯಾರ್ಥಿಗೆ ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದು ಕಡೆಯಿಂದ ಬರುತ್ತದೆ. ಐಲೀನ್ ಕ್ರೀಗ್ ಅವರ 1936ರ ‘ಜುಲುಗಳ ಸಾಮಾಜಿಕ ವ್ಯವಸ್ಥೆ’ಯಂಥ ಜನಾಂಗವರ್ಣನೆಗಳು ಒಂದು ವಾಕ್ಯರಚನೆಯನ್ನು ಸ್ಥಿರಗೊಳಿಸಿದವು: ‘ಜುಲುಗಳು ಹೀಗೆ ಮಾಡುತ್ತಾರೆ.’ ಕಾಲ ಸದಾ ವರ್ತಮಾನ, ಕರ್ತೃ ಸದಾ ಸಮುದಾಯ. ವರ್ಣಭೇದ ಸರ್ಕಾರ ಪ್ರತಿ ಬುಡಕಟ್ಟಿಗೂ ಒಂದೊಂದು ‘ತಾಯ್ನಾಡ’ನ್ನು ವಿಧಿಸಿದಾಗ ಇಂಥ ವಾಕ್ಯಗಳು ಅದಕ್ಕೆ ಒದಗಿಬಂದವು. ಪಡಿಯಚ್ಚನ್ನು ನಿರಾಕರಿಸಲು ಹೊರಟ ವಿದ್ಯಾರ್ಥಿ ಹೆಮ್ಮೆಯಿಂದ ‘ನಾವು ಜುಲುಗಳು ಹಿರಿಯರ ಕಣ್ಣು ನೋಡುವುದಿಲ್ಲ’ ಎಂದು ಬರೆದಾಗ, ಸರ್ವನಾಮ ಮಾತ್ರ ಬದಲಾಗಿ ವಾಕ್ಯ ಹಳೆಯದೇ ಆಗಿ ಉಳಿಯುತ್ತದೆ. ‘ನನ್ನ ತಾಯಿ ನೀರನ್ನು ಆ ಹೆಸರಿನಿಂದ ಕರೆಯುತ್ತಿರಲಿಲ್ಲ’ ಎಂದು ಬರೆದರೆ ಅದು ಬೇರೆಯೇ ವಾಕ್ಯ. ಅಲ್ಲಿ ಒಬ್ಬ ಹೆಂಗಸಿದ್ದಾಳೆ, ಭೂತಕಾಲವಿದೆ, ಅವಳು ಯಾಕೆ ಕರೆಯಲಿಲ್ಲ, ಕರೆಯಬೇಕೆನಿಸಿತ್ತೇ ಎಂದು ಕೇಳಲು ಎಡೆಯಿದೆ.

ಆ ಪ್ರಶ್ನೆಯನ್ನು ಕೇಳುವವರು ಈಗ ಹೆಚ್ಚುತ್ತಿದ್ದಾರೆ. ಗೌರವದ ಭಾರ ಹೆಣ್ಣಿನ ನಾಲಿಗೆಯ ಮೇಲೆಯೇ ಏಕೆ ಹೆಚ್ಚು ಎನ್ನುವ ಟೀಕೆ ಜುಲು ಮಹಿಳೆಯರಿಂದಲೇ ಬಂದಿದೆ. ಡರ್ಬನ್‌ನ ಉಮ್ಲಾಜಿ ಬಡಾವಣೆಯಲ್ಲಿ ಸ್ಟೆಫನಿ ರುಡ್ವಿಕ್ ನಡೆಸಿದಂಥ ಸಮಾಜಭಾಷಾ ಅಧ್ಯಯನಗಳನ್ನು ಓದಿದರೆ, ನಗರದ ಯುವಜನ ಹ್ಲೊನಿಫಾವನ್ನು ನಡತೆಯಾಗಿ ಎತ್ತಿಹಿಡಿಯುತ್ತಲೇ ಅದರ ಪದಕೋಶದಿಂದ ದೂರ ಸರಿಯುತ್ತಿರುವುದು ತಿಳಿಯುತ್ತದೆ. ಕಣ್ಣು ಇನ್ನೂ ತಗ್ಗುತ್ತದೆ, ನೀರು ಮಾತ್ರ ಅಮಾಂಜಿಯೇ.

ಆ ಪದಗಳಲ್ಲಿ ಎಷ್ಟೋ ಉಳಿದಿರುವುದು ಸಿ. ಎಂ. ಡೋಕ್ ಮತ್ತು ಬೆನೆಡಿಕ್ಟ್ ವಾಲೆಟ್ ವಿಲಾಕಜಿ ಸಿದ್ಧಪಡಿಸಿದ, 1948ರಲ್ಲಿ ಪ್ರಕಟವಾದ ಜುಲು-ಇಂಗ್ಲಿಷ್ ನಿಘಂಟಿನಲ್ಲಿ. ಹ್ಲೊನಿಫಾ ಪದಗಳಿಗೆ ಅಲ್ಲಿ ಪ್ರತ್ಯೇಕ ಗುರುತಿದೆ. ಕವಿಯೂ ಆಗಿದ್ದ ವಿಲಾಕಜಿ 1936ರಲ್ಲಿ ವಿಟ್ವಾಟರ್ಸ್‌ರಾಂಡ್ ವಿಶ್ವವಿದ್ಯಾಲಯ ಸೇರಿದ್ದು ‘ಭಾಷಾ ಸಹಾಯಕ’ನಾಗಿ. 1946ರಲ್ಲಿ ಅಲ್ಲಿಯೇ ಡಾಕ್ಟರೇಟ್ ಪಡೆದರು, ಮರುವರ್ಷ ತೀರಿಕೊಂಡರು; ಅಚ್ಚಾದ ನಿಘಂಟನ್ನು ಅವರು ನೋಡಲಿಲ್ಲ. 2014ರಿಂದ ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯ ತನ್ನ ಸ್ನಾತಕ ವಿದ್ಯಾರ್ಥಿಗಳಿಗೆ ಜುಲು ಕಲಿಕೆಯನ್ನು ಕಡ್ಡಾಯಗೊಳಿಸಿದೆ. ಜುಲು ಬಾರದ ವಿದ್ಯಾರ್ಥಿಗಳು ಈಗ ಅಲ್ಲಿ ಕುಳಿತು ಆ ಮೂರು ಕ್ಲಿಕ್‌ಗಳನ್ನು ನಾಲಿಗೆಗೆ ರೂಢಿಸಿಕೊಳ್ಳುತ್ತಿದ್ದಾರೆ.