ಬೋರ್ಡ್ ಸುಟ್ಟಿತು, ಡಿಸ್ಕ್ ಉಳಿಯಿತು: ಮುಂದೇನು?

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾಯಿತೆಂದರೆ ಮೂಡಿಗೆರೆ, ಕಳಸದ ಕಡೆಯ ತೋಟದ ಆಫೀಸುಗಳಲ್ಲಿ ಮೊದಲು ಕೀಳಬೇಕಾದದ್ದು ಕಂಪ್ಯೂಟರಿನ ಪ್ಲಗ್ಗು, ಜೊತೆಗೇ ಇಂಟರ್‌ನೆಟ್ ವೈರು. ಕೀಳುವುದು ತಡವಾದರೆ ಕಂಪ್ಯೂಟರ್ ಸುಡಬಹುದು. ಚೆಕ್‌ರೋಲ್, ಬೋನಸ್ ಲೆಕ್ಕ, ಕಾಫಿ ಮಾರಿದ ಬಿಲ್ಲು ಎಲ್ಲ ಅದರೊಳಗೇ ಇರುವುದರಿಂದ ಗಾಬರಿಯಲ್ಲಿ ಯಾರು ಏನು ಹೇಳಿದರೂ ನಂಬುವಂತಾಗುತ್ತದೆ. ಅಂಥ ಕೆಲವು ನಂಬಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ: ಸಿಡಿಲು ಬಡಿದ ಮೇಲೆ ಎಲ್ಲವೂ ಹೋಯಿತು.

ವಾಸ್ತವ: ಎಷ್ಟೋ ಸಲ ಸುಡುವುದು ಎಸ್‌ಎಂಪಿಎಸ್ ಅಥವಾ ಮದರ್‌ಬೋರ್ಡ್ ಮಾತ್ರ. ಡಿಸ್ಕ್ ಬಿಚ್ಚಿ ಇನ್ನೊಂದು ಸಿಪಿಯುಗೆ ಹಾಕಿ ನೋಡದೆ ಕೈಬಿಡಬೇಡಿ.

ತಪ್ಪು ಕಲ್ಪನೆ: ಬೇರೆ ಬೋರ್ಡಿಗೆ ಹಾಕಿದರೆ ವಿಂಡೋಸ್ ಏಳುವುದೇ ಇಲ್ಲ, ಹೊಸದಾಗಿ ಹಾಕಿಸಲೇಬೇಕು.

ವಾಸ್ತವ: ಎಕ್ಸ್‌ಪಿ ಕಾಲದಲ್ಲಿ ಈ ಮಾತು ಬಹುಮಟ್ಟಿಗೆ ನಿಜವಾಗಿತ್ತು. ಬೋರ್ಡ್ ಬದಲಾದರೆ ನೀಲಿ ಪರದೆ ಬರುತ್ತಿತ್ತು. ವಿಂಡೋಸ್ 10 ಮತ್ತು 11 ಹೊಸ ಬೋರ್ಡನ್ನು ಗುರುತಿಸಿ, ಬೇಕಾದ ಡ್ರೈವರ್‌ಗಳನ್ನು ಹೊಂದಿಸಿಕೊಂಡು ಸಾಮಾನ್ಯವಾಗಿ ಏಳುತ್ತವೆ. ಏಳದಿದ್ದರೆ ಬಯಾಸ್‌ನಲ್ಲಿ ಎರಡು ಸಂಗತಿ ನೋಡಿ. ಹಳೆಯ ಯಂತ್ರ ಲೆಗಸಿ ವಿಧಾನದಲ್ಲಿ ಬೂಟ್ ಆಗುತ್ತಿತ್ತೋ, ಯುಇಎಫ್‌ಐ ವಿಧಾನದಲ್ಲೋ? ಡಿಸ್ಕಿನ ಸೆಟ್ಟಿಂಗ್ ಎಎಚ್‌ಸಿಐ ಇತ್ತೋ, ರೇಡ್ ಇತ್ತೋ? ಇವೆರಡನ್ನು ಹಳೆಯದರಂತೆ ಇಟ್ಟರೆ ಬಹಳಷ್ಟು ತೊಂದರೆ ಅಲ್ಲೇ ಬಗೆಹರಿಯುತ್ತದೆ.

ತಪ್ಪು ಕಲ್ಪನೆ: ನಾವು ಡಿಸ್ಕಿಗೆ ಪಾಸ್‌ವರ್ಡ್ ಹಾಕಿಲ್ಲ, ಹಾಗಾಗಿ ಅದಕ್ಕೆ ಬೀಗವಿಲ್ಲ.

ವಾಸ್ತವ: ಎಲ್ಲಕ್ಕಿಂತ ಹೆಚ್ಚು ನಷ್ಟ ತರುವ ನಂಬಿಕೆ ಇದು. ವಿಂಡೋಸ್ 11 ಇರುವ ಅನೇಕ ಕಂಪ್ಯೂಟರ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಸಾಕು, ನೀವು ಕೇಳದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ. ಅದನ್ನು ದಿನಾ ತೆರೆಯುವ ಕೀಲಿ ಇರುವುದು ಹಳೆಯ ಯಂತ್ರದೊಳಗಿನ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿ. ಆ ಯಂತ್ರ ಸುಟ್ಟರೆ ಕೀಲಿಯೂ ಹೋದಂತೆ. ಹೊಸ ಸಿಪಿಯುಗೆ ಹಾಕಿದೊಡನೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಅಂಗಡಿಯವರು ಮಾತ್ರವಲ್ಲ, ಮೈಕ್ರೋಸಾಫ್ಟ್‌ನವರೂ ತೆರೆಯಲಾರರು. ಸಾಮಾನ್ಯವಾಗಿ ಆ ಕೀ ಕಂಪ್ಯೂಟರ್ ಮೊದಲು ಶುರು ಮಾಡಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಆ ಖಾತೆ ಕೆಲಸ ಬಿಟ್ಟುಹೋದ ರೈಟರ್‌ದೋ, ಬೆಂಗಳೂರಿನಲ್ಲಿರುವ ಮಗನದೋ ಆಗಿರಬಹುದು. ಇಂದೇ ವಿಚಾರಿಸಿಕೊಳ್ಳಿ.

ತಪ್ಪು ಕಲ್ಪನೆ: ವಿಂಡೋಸ್ ಎದ್ದಿತು, ಇನ್ನೇನೂ ಉಳಿದಿಲ್ಲ.

ವಾಸ್ತವ: ಲೈಸೆನ್ಸ್ ಉಳಿದಿದೆ. ಕಂಪ್ಯೂಟರಿನ ಜೊತೆಗೇ ಬಂದ ವಿಂಡೋಸ್ ಆ ಬೋರ್ಡಿಗಷ್ಟೇ ಸಲ್ಲುತ್ತದೆ. ಬಿಡಿಯಾಗಿ ಕೊಂಡದ್ದನ್ನು ಹೊಸ ಯಂತ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಟ್ಯಾಲಿ ಲೈಸೆನ್ಸ್ ಕೂಡ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಮತ್ತೆ ಚಾಲೂ ಮಾಡಲು ನೋಂದಾಯಿಸಿದ ಇ-ಮೇಲ್ ನಿಮ್ಮ ಕೈಯಲ್ಲಿರಬೇಕು. ಇನ್ನೊಂದು ಮಾತು: ಹಳೆಯ ಡಿಸ್ಕಿನಲ್ಲಿ ವಿಂಡೋಸ್ 10 ಇದ್ದರೆ, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ತಪ್ಪು ಕಲ್ಪನೆ: ಲಿನಕ್ಸ್ ಆದರೆ ಯಾವ ಯಂತ್ರದಲ್ಲಾದರೂ ಏಳುತ್ತದೆ.

ವಾಸ್ತವ: ಹೆಚ್ಚುಕಡಿಮೆ ಹೌದು, ಡ್ರೈವರ್‌ಗಳಲ್ಲಿ ಬಹುಪಾಲು ಕರ್ನೆಲ್ ಜೊತೆಗೇ ಇರುತ್ತವೆ. ಆದರೆ ಯುಇಎಫ್‌ಐ ಯಂತ್ರಗಳಲ್ಲಿ ಬೂಟ್ ನಮೂದು ಇರುವುದು ಬೋರ್ಡಿನ ನೆನಪಿನಲ್ಲಿ. ಹೊಸ ಬೋರ್ಡಿಗೆ ಅದು ಗೊತ್ತಿಲ್ಲದೆ ಡಿಸ್ಕ್ ಖಾಲಿಯಿದೆಯೇನೋ ಅನ್ನಿಸಬಹುದು. ಆಗ ಪೆನ್‌ಡ್ರೈವ್‌ನಿಂದ ಲಿನಕ್ಸ್ ಚಾಲೂ ಮಾಡಿ ಆ ನಮೂದನ್ನು ಮತ್ತೆ ಸೇರಿಸಬೇಕು.

ತಪ್ಪು ಕಲ್ಪನೆ: ಇಷ್ಟೆಲ್ಲ ಯಾಕೆ, ಫೈಲುಗಳನ್ನಷ್ಟೇ ಕಾಪಿ ಮಾಡಿಕೊಂಡರೆ ಆಯಿತು.

ವಾಸ್ತವ: ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪು ಮಾಡಿದ ಕಡತಗಳನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಕಡತ ಕೆಟ್ಟಿದೆ ಎಂದುಕೊಂಡು ಅಳಿಸಿಬಿಡಬೇಡಿ. ಅದೇ ಫಾಂಟ್ ಹಾಕಿದರೆ ಅಕ್ಷರ ಮರಳುತ್ತದೆ. ಕಾಪಿ ಮಾಡುವಾಗ ಫಾಂಟುಗಳನ್ನೂ ಟ್ಯಾಲಿಯ ಡೇಟಾ ಫೋಲ್ಡರನ್ನೂ ಸೇರಿಸಿಕೊಳ್ಳಿ.

ಗುಡುಗಿನ ದಿನಗಳು ಬರುವ ಮೊದಲೇ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ತೋಟದ ದಾಖಲೆಗಳ ಜೊತೆ ಇಡಿ. ಡೇಟಾದ ಒಂದು ಪ್ರತಿ ಕಂಪ್ಯೂಟರಿಗೆ ಜೋಡಿಸದ ಬೇರೆ ಡಿಸ್ಕಿನಲ್ಲಿರಲಿ. ಕಂಪ್ಯೂಟರ್ ರಿಪೇರಿಗೆ ಕೊಡುವಾಗ ಡಿಸ್ಕನ್ನು ಯಾವ ಕಾರಣಕ್ಕೂ ಫಾರ್ಮ್ಯಾಟ್ ಮಾಡಬಾರದೆಂದು ಮೊದಲೇ ಚೀಟಿಯಲ್ಲಿ ಬರೆದುಕೊಡಿ.