ಗಾಲಿ ಏರಿ ಹೊರಟ ಮನೆ

1961ರ ಡಿಸೆಂಬರ್. ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ ಮನೆಯೊಂದು ತಾನಿದ್ದ ಜಾಗ ಬಿಟ್ಟು ಹೊರಟಿತು! ಚಕ್ರಗಳ ಮೇಲೆ ಕುಳಿತು, ಕಬ್ಬಿಣದ ಹಳಿಗುಂಟ ಅಂಗುಲ ಅಂಗುಲವಾಗಿ ಜರುಗುತ್ತ ಸುಮಾರು 70 ಮೀಟರ್ ಸಾಗಿತು. ತೂಕ 21 ಟನ್ನಿಗೂ ಹೆಚ್ಚು; ವಯಸ್ಸು ಸುಮಾರು ಐದು ಶತಮಾನ.

ಹೊಸ ರಸ್ತೆಗಾಗಿ ಅದಿದ್ದ ಬೀದಿಯನ್ನು ಕೆಡವಬೇಕಿತ್ತು. 1942ರ ಬಾಂಬ್ ದಾಳಿಯಲ್ಲಿ ಹಳೆಯ ಪೇಟೆಯ ಬಹುಭಾಗ ಆಗಲೇ ಬೂದಿಯಾಗಿತ್ತು. ಇದೊಂದಾದರೂ ಉಳಿಯಲೆಂದು ಮನೆಗೆ ಸುತ್ತಲೂ ತೊಲೆಗಳ ಆಸರೆ ಕಟ್ಟಿ, ಜಾಕ್‌ಗಳಿಂದ ಎತ್ತಿ ಸಾಗಿಸಿದರು.

ಇಡೀ ಮನೆ ಹೀಗೆ ನಡೆದೀತೇ? ಗುಟ್ಟಿರುವುದು ಅದರ ಮರದ ಚೌಕಟ್ಟಿನಲ್ಲಿ. ಇಲ್ಲಿ ಭಾರ ಹೊರುವುದು ಗೋಡೆಯಲ್ಲ, ಓಕ್ ಮರದ ಕಂಬ ಮತ್ತು ತೊಲೆ. ಒಂದರಲ್ಲಿ ಕೊರೆದ ಕುಳಿಗೆ ಇನ್ನೊಂದರ ತುದಿಯನ್ನು ಕೂರಿಸಿ ಮರದ ಮೊಳೆ ಹೊಡೆದರೆ ಮುಗಿಯಿತು. ನಡುವಿನ ಖಾಲಿ ಜಾಗಕ್ಕೆ ಕಡ್ಡಿಗಳ ತಡಿಕೆ ಹೆಣೆದು, ಜೇಡಿಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತುತ್ತಿದ್ದರು.

ಬಡಗಿಗಳು ಚೌಕಟ್ಟನ್ನು ಮೊದಲು ತಮ್ಮ ಅಂಗಳದಲ್ಲೇ ಜೋಡಿಸಿ ನೋಡುತ್ತಿದ್ದರು. ಕೂಡುವ ತುದಿಗಳಿಗೆ ಉಳಿಯಿಂದ ರೋಮನ್ ಅಂಕಿ ಗೀರಿ, ಬಿಡಿಸಿ, ಗಾಡಿಯಲ್ಲಿ ಸಾಗಿಸಿ, ನಿವೇಶನದಲ್ಲಿ ಮತ್ತೆ ನಿಲ್ಲಿಸುತ್ತಿದ್ದರು. ಆ ಗುರುತುಗಳು ಎಷ್ಟೋ ಮನೆಗಳಲ್ಲಿ ಇಂದಿಗೂ ಕಾಣುತ್ತವೆ.

ಪೇಟೆಯಲ್ಲಿ ಜಾಗ ಇಕ್ಕಟ್ಟು. ಹಾಗಾಗಿ ಮೇಲಿನ ಅಂತಸ್ತನ್ನು ಬೀದಿಯ ಕಡೆಗೆ ಒಂದಿಷ್ಟು ಚಾಚಿ ಕಟ್ಟಿದರು. ಯಾರ್ಕ್ ನಗರದ ಶ್ಯಾಂಬಲ್ಸ್ ಓಣಿಯಲ್ಲಿ ಎದುರುಬದುರಿನ ಮಾಳಿಗೆಗಳು ಒಂದಕ್ಕೊಂದು ಬಾಗಿ ಗುಟ್ಟು ಹೇಳುವಂತಿವೆ. ಹಸಿ ಓಕ್ ಕೆತ್ತಲು ಸುಲಭ. ಒಣಗುತ್ತ ಗಟ್ಟಿಯಾಗುತ್ತದೆ, ಜೊತೆಗೆ ಸೊಟ್ಟಗಾಗುತ್ತದೆ. ಆ ಸೊಟ್ಟಕ್ಕೆ ಹೆದರಬೇಕಿಲ್ಲ. ಬಹಳ ಮನೆಗಳು ವಾಲಿಕೊಂಡೇ ಶತಮಾನಗಳನ್ನು ಕಳೆದಿವೆ.

ನಿಜವಾದ ಶತ್ರು ಬೆಂಕಿ. 1666ರ ಮಹಾ ಅಗ್ನಿದುರಂತದ ಬಳಿಕ ಲಂಡನ್ನಿನಲ್ಲಿ ಇಟ್ಟಿಗೆ ಇಲ್ಲವೇ ಕಲ್ಲಿನ ಮನೆಯನ್ನೇ ಕಟ್ಟಬೇಕೆಂಬ ಕಾನೂನು ಬಂತು. ಬೆಂಕಿ ಮುಟ್ಟದೆ ಉಳಿದ, 1585ರ ಸ್ಟೇಪಲ್ ಇನ್ ಕಟ್ಟಡ ಹೋಬರ್ನ್‌ನಲ್ಲಿದೆ. ಅದೂ 1944ರಲ್ಲಿ ಜರ್ಮನ್ ಹಾರುಬಾಂಬಿಗೆ ಸಿಕ್ಕಿ ಜಖಂಗೊಂಡು, ಆಮೇಲೆ ದುರಸ್ತಿಯಾದದ್ದು.

ಇನ್ನೊಂದು ಶತ್ರು ಮಿತ್ರನ ವೇಷದಲ್ಲಿ ಬಂತು: ಸಿಮೆಂಟು! ಮಣ್ಣು ಮತ್ತು ಸುಣ್ಣದ ಗಾರೆ ಕುಡಿದ ತೇವವನ್ನು ಹೊರಗೆ ಬಿಡುತ್ತವೆ. ಸಿಮೆಂಟು ಹಾಗಲ್ಲ. ಮರ ಅಲುಗಿದಾಗ ಬಿರುಕು ಬಿಡುತ್ತದೆ, ಒಳಹೊಕ್ಕ ನೀರನ್ನು ಹಿಡಿದಿಡುತ್ತದೆ. ಹೊರಗೆ ಗೋಡೆ ಅಚ್ಚುಕಟ್ಟು, ಒಳಗೆ ತೊಲೆ ಲಡ್ಡು. ಈಗಿನ ಸಂರಕ್ಷಕರು ಸಿಮೆಂಟು ಕೆತ್ತಿ ತೆಗೆದು, ಕೊಳೆತಷ್ಟು ಮರವನ್ನು ಮಾತ್ರ ಕತ್ತರಿಸಿ, ಹೊಸ ಓಕ್ ತುಂಡು ಜೋಡಿಸಿ, ಮತ್ತೆ ಸುಣ್ಣದ ಗಾರೆಯನ್ನೇ ಬಳಿಯುತ್ತಾರೆ.

ಎಕ್ಸೆಟರಿನ ಆ ಮನೆ ಈಗಲೂ ವೆಸ್ಟ್ ಸ್ಟ್ರೀಟ್‌ನಲ್ಲಿ, ಸೇಂಟ್ ಮೇರಿ ಸ್ಟೆಪ್ಸ್ ಚರ್ಚಿನ ಬಳಿ ನಿಂತಿದೆ. ‘ಜರುಗಿದ ಮನೆ’ ಎಂದೇ ಅದರ ಹೆಸರು. ನೋಡಲು ಬಂದವರು ಫೋಟೋ ತೆಗೆದುಕೊಳ್ಳುತ್ತಾರೆ. ಅದರ ನೆರೆಹೊರೆಯ ಮನೆಗಳಿಗೆ ಮಾತ್ರ ಗಾಲಿಯ ಭಾಗ್ಯ ಸಿಗಲಿಲ್ಲ.